ಕಣ್ಣು ಮುಚ್ಚು, ಮಲಗಬೇಡ

ದಿವಾರಿನ ಧಕ್ಕೆಯಲ್ಲಿ ಎಂಟೂಕಾಲಿಗೆ ಕರೆಂಟು ಹೋಯಿತು.
ಟಿಕೆಟ್ ಗೂಡಿನ ಹಿಂದೆ, ತಗಡಿನ ಕೆಳಗೆ,
ನಾನು, ಕಾಲು ಬಿರುಕು ಬಿಟ್ಟ ಒಂದು ಪ್ಲಾಸ್ಟಿಕ್ ಕುರ್ಚಿ,
ಮಡಗಾಂವಿನಲ್ಲಿ ಒಂಬತ್ತು ಸಾವಿರಕ್ಕೆ ಕೊಂಡ ಹಳೇ ಲ್ಯಾಪ್‌ಟಾಪು.
ಒಳಗೆ ಲಿನಕ್ಸು. ಅಂಗಡಿ ಹುಡುಗ ಹಾಕಿಕೊಟ್ಟಿದ್ದ:
‘ಇದಕ್ಕೆ ವಯಸ್ಸಾದದ್ದು ಗೊತ್ತಾಗೋದಿಲ್ಲ ಅಕ್ಕಾ.’
ಬ್ಯಾಟರಿಗೆ ಗೊತ್ತಾಗುತ್ತದೆ.
ಅರವತ್ತೆರಡು ಶೇಕಡಾ.

ಕೆಲಸ ಇಷ್ಟೇ: ನೀರಿಗಿಳಿದ ಕೇಬಲ್ಲಿನ ತುದಿಯ ಕೊಳವೆ
ಹತ್ತು ನಿಮಿಷಕ್ಕೊಮ್ಮೆ ಮಾಂಡೋವಿಯ ಆಳ ಹೇಳುತ್ತದೆ,
ಯಂತ್ರ ಬರೆದುಕೊಳ್ಳುತ್ತದೆ.
ಎರಡು ಪಾಯಿಂಟ್ ನಾಲ್ಕು ಒಂದು.
ಎರಡು ಪಾಯಿಂಟ್ ಮೂರು ಎಂಟು.
ಇಳಿತದ ನೀರು, ಮೆಟ್ಟಿಲು ಎಣಿಸುತ್ತ ಇಳಿಯುವ ಮುದುಕಿಯಂತೆ.
ಒಂದು ಅಂಕಿ ತಪ್ಪಿದರೆ ಪಣಜಿಯ ಸಾಹೇಬರು
ಇಡೀ ರಾತ್ರಿಯ ಮೇಲೆ ಕೆಂಪು ಗೆರೆ ಎಳೆಯುತ್ತಾರೆ.

ನಾನು ಐದು ನಿಮಿಷ ಮುಟ್ಟದಿದ್ದರೆ
ಪರದೆಯ ಮೇಲೆ ಮೀನುಗಳು ಬರುತ್ತವೆ,
ಗುಳ್ಳೆ ಬಿಡುತ್ತ, ಗಾಜಿನ ಅಂಚಿಗೆ ಮೂತಿ ತಾಗಿಸಿ ತಿರುಗುತ್ತ.
ಹೆಸರಿಗೆ ಪರದೆ ಕಾಯುವುದು.
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ
ಮೀನು ಬಾಲ ಆಡಿಸಿದಷ್ಟೂ ಫ್ಯಾನು ಏದುಸಿರು ಬಿಡುತ್ತದೆ.
ಐವತ್ತೆಂಟು. ಐವತ್ತೇಳು.

ಫೆರಿಯ ಹಗ್ಗ ಹಿಡಿಯುವ ಜುಜೆ ಬರುವುದೇ ಈ ಮೀನಿಗೆ.
ಎರಡು ಟ್ರಿಪ್ಪಿನ ನಡುವೆ, ಒದ್ದೆ ಕೈ ಬನಿಯನ್ನಿಗೆ ಒರೆಸಿ,
ಕಾರವಾರದ ಬಂದರಿನಲ್ಲಿ ಕಲಿತ ಕನ್ನಡದಲ್ಲಿ ತಕರಾರು:
‘ಇದು ಚೊಣಕ್ ಅಲ್ಲ, ಶೆವ್ಟೊ ಅಲ್ಲ, ತಾಂಬ್ಸೊ ಮೊದಲೇ ಅಲ್ಲ.
ಬಾಲ ಒಂದರದು, ಮೈ ಇನ್ನೊಂದರದು.
ಇದನ್ನ ಬರೆದವ ಮೀನು ತಿಂದವನೇ ಅಲ್ಲ ಬಾಯಿ.’
ಆದರೂ ಹಾರ್ನು ಎರಡು ಸಲ ಆಗುವವರೆಗೆ ಕದಲುವುದಿಲ್ಲ.

ಇವತ್ತು ಅವನು ಬರುವ ಮುಂಚೆಯೇ ಕೂತು ಬರೆದೆ.
ಮಲಗಿಸಿಬಿಡುವುದು ಸುಲಭ, ಒಂದು ಗುಂಡಿ.
ಆದರೆ ಮಲಗಿದ ಯಂತ್ರಕ್ಕೆ ನೀರಿನ ಮಾತು ಕೇಳುವುದಿಲ್ಲ.
ಎರಡೇ ಸಾಲು; ಮೂರು ಸಲ ತಪ್ಪಿತು,
ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು:
ತಂತಿಯಲ್ಲಿ ಕರೆಂಟಿದ್ದರೆ ಈಜಿಸು.
ಇಲ್ಲದಿದ್ದರೆ ಒಂದು ನಿಮಿಷಕ್ಕೆ ಕಣ್ಣು ಮುಚ್ಚು,
ಮಲಗಬೇಡ.

ಬರೆದ ಮೇಲೆ ಗುರುತು ಹತ್ತಿತು.
ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಎರಡು ಮಂಚದ ನಡುವೆ,
ಆಯಾ ತುಂಗವ್ವ ಹೀಗೇ ಒರಗುತ್ತಿದ್ದಳು,
ಮುಖದ ಮೇಲೆ ಸೆರಗು.
ಯಾರು ಕೂಗಿದರೂ ಏಳದವಳು
ಸಲೈನು ತೊಟ್ಟಿಕ್ಕುವುದು ನಿಂತರೆ ಎದ್ದು ಕೂರುತ್ತಿದ್ದಳು.

ಜುಜೆ ಬಂದ. ಕಪ್ಪು ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತ.
‘ಸತ್ತೋದ್ವಾ ಏನು?’
‘ಇಲ್ಲ. ಕರೆಂಟು ಬಂದರೆ ಬರುತ್ತವೆ.’
‘ಅಲ್ಲೀತನಕ ಒಳಗೆ ಏನು ಮಾಡ್ತಾವೆ?’
ಉತ್ತರ ಗೊತ್ತಿತ್ತು: ಒಳಗೆ ಏನೂ ಇರುವುದಿಲ್ಲ.
ಬಣ್ಣ ಹಚ್ಚುವ ಲೆಕ್ಕ ಓಡದಿದ್ದರೆ
ಮೀನೂ ಇಲ್ಲ, ನೀರೂ ಇಲ್ಲ.
‘ನಿಂತಿರ್ತಾವೆ’ ಎಂದೆ.
ಅವನು ತಲೆಯಾಡಿಸಿದ, ಇಳಿತದಲ್ಲಿ ಎಲ್ಲ ಮೀನೂ ಹಾಗೇ ಎಂಬಂತೆ.
ಗಾಜಿನಲ್ಲಿ ಅವನ ಬೀಡಿಯ ಕಿಡಿಯೊಂದೇ ಈಜುತ್ತಿತ್ತು.

ಅವನು ಹೋದ ಮೇಲೆ ಸೊಳ್ಳೆ, ಹೊಳೆ, ಕತ್ತಲು.
ಎಷ್ಟು ಉಳಿದಿದೆ ಎಂದು ನೋಡಬೇಕೆಂದರೆ ಮುಟ್ಟಬೇಕು,
ಮುಟ್ಟಿದರೆ ಬೆಳಗುತ್ತದೆ, ಬೆಳಗಿದರೆ ಅಷ್ಟು ಕಡಿಮೆ.
ನೋಡಲಿಲ್ಲ.
ಹತ್ತು ನಿಮಿಷಕ್ಕೊಮ್ಮೆ ಡಿಸ್ಕಿನೊಳಗೆ ಒಂದು ಕಿರ್ರ್,
ಕಿವಿಯಿಟ್ಟರೆ ಮಾತ್ರ.

ಹನ್ನೊಂದೂ ಇಪ್ಪತ್ತಕ್ಕೆ ಗೂಡಿನ ಬಲ್ಬು ಹತ್ತಿತು.
ಉಳಿದದ್ದು ಒಂಬತ್ತು.
ಅಂಕಿಗಳ ಸಾಲಿನಲ್ಲಿ ಒಂದೂ ಹಲ್ಲು ಬಿದ್ದಿರಲಿಲ್ಲ;
ಕೊನೆಯದರಲ್ಲಿ ನೀರು ತಿರುಗಿ ಏರತೊಡಗಿತ್ತು,
ಎರಡು ಸೆಂಟಿಮೀಟರು.
ಐದು ನಿಮಿಷ ಕೈ ಕಟ್ಟಿ ಕೂತೆ.
ಮೀನುಗಳು ಬಂದವು, ಅದೇ ತಪ್ಪು ಬಾಲದವು.
ಜುಜೆ ಆಚೆ ದಡದಲ್ಲಿದ್ದ,
ಫೆರಿಯ ಹಳದಿ ದೀಪದ ಕೆಳಗೆ ಹಗ್ಗ ಸುತ್ತುತ್ತ.
ಲ್ಯಾಪ್‌ಟಾಪನ್ನು ಹೊಳೆಯ ಕಡೆ ತಿರುಗಿಸಿಟ್ಟೆ.
ಅಷ್ಟು ದೂರಕ್ಕೆ ಕಾಣುವುದಿಲ್ಲ.